ಉಣ್ಣಿ ಎಣ್ಣೆಯ ಮಧ್ಯಾಹ್ನ

ಮೆಡಿಕಲ್ ಶಾಪಿನಲ್ಲಿ ಯಾರಾದರೂ ಸೊಳ್ಳೆ ಎಣ್ಣೆಯ ಮುಚ್ಚಳ ತೆಗೆದರೆ ನನಗೆ ಈಗಲೂ ಗಡಿಯ ಕಾಡಂಚಿನ ಊರು ಚೇಕಾಡಿಯ ನಮ್ಮ ಮನೆಯ ಜಗಲಿ ನೆನಪಾಗುತ್ತದೆ.

ಅದು ಕ್ರಿಸ್‌ಮಸ್ ರಜೆಯ ಕೊನೆಯ ಮಧ್ಯಾಹ್ನ. ಮಾರನೆಯ ದಿನ ಶಾಲೆ ಶುರುವಾಗುವುದಿತ್ತು. ಆ ವರ್ಷ ಊರಲ್ಲಿ ಮಂಗನ ಕಾಯಿಲೆಯ ಭಯ. ಕಾಡಿನಲ್ಲಿ ಮಂಗ ಸತ್ತರೆ ಅದರ ಮೈಮೇಲಿನ ಉಣ್ಣಿಗಳು ಸುತ್ತಲಿನ ಹುಲ್ಲಿಗೆ ಇಳಿಯುತ್ತವೆ, ಕಚ್ಚಿಸಿಕೊಂಡವರಿಗೆ ಜ್ವರ ಬರುತ್ತದೆ ಎನ್ನುತ್ತಿದ್ದರು. ಆಸ್ಪತ್ರೆಯ ಸಿಸ್ಟರ್ ಮನೆಮನೆಗೆ ಬಂದು, ಉಣ್ಣಿ ಹತ್ತದಂತೆ ಹಚ್ಚಿಕೊಳ್ಳುವ ಎಣ್ಣೆ ಕೊಟ್ಟು, ಸತ್ತ ಮಂಗಗಳ ಸುದ್ದಿ ವಿಚಾರಿಸುತ್ತಿದ್ದರು.

"ಇಲ್ಲಿ ಎಲ್ಲಾದ್ರೂ ಕುರಂಗು ಸತ್ತದ್ದು ಕಂಡಿರಾ ಅಮ್ಮಾ?" ಎಂದು ನಮ್ಮ ಅಂಗಳದಲ್ಲಿ ನಿಂತು, ಮಂಗಕ್ಕೆ ಮಲಯಾಳದ ಮಾತನ್ನೇ ಬೆರೆಸಿದ ಕನ್ನಡದಲ್ಲಿ ಕೇಳಿದರು.

"ಇಲ್ಲ ಸಿಸ್ಟರೇ," ಎಂದ ಅಜ್ಜಿ ನನ್ನ ಕಾಲನ್ನು ಮಡಿಲಿಗೆಳೆದುಕೊಂಡು ಎಣ್ಣೆ ತಿಕ್ಕತೊಡಗಿದಳು. ಅಂಟಂಟಾದ, ಘಾಟು ವಾಸನೆಯ ಎಣ್ಣೆ. ಅವಳ ಒರಟು ಅಂಗೈ ಮೊಣಕಾಲಿನವರೆಗೆ ಹೋಗಿ ಬರುತ್ತಿತ್ತು.

"ನಾಳೆ ಮಗು ಸ್ಕೂಲಿಗೆ ಯಾವ ದಾರೀಲಿ ಹೋಗೋದು?"

"ಗದ್ದೆ ದಾಟಿ, ಬಿದಿರು ಮೆಳೆ ಹತ್ರ," ಎಂದೆ ನಾನು.

ಅಜ್ಜಿಯ ಕೈ ನಿಂತಿತು.

"ಅಲ್ಲೇ ಸಿಸ್ಟರೇ, ಆ ಮೆಳೆ ಬುಡದಲ್ಲೇ ಒಂದು ಬಿದ್ದಿತ್ತು. ಆಂಜನೇಯ ಅಲ್ವಾ, ಹಾಗೇ ಬಿಟ್ಟು ಬರೋಕಾಗುತ್ತಾ? ಅರಿಶಿನ ಹಚ್ಚಿ, ಹೊಸ ಬಟ್ಟೆ ಸುತ್ತಿ ಮಣ್ಣು ಮಾಡ್ದೆ. ಅದನ್ನ ಅಗೆಸಬೇಡಿ."

"ಯಾರ್ಯಾರು ಮುಟ್ಟಿದ್ದು?"

ಅಜ್ಜಿ ಎಣ್ಣೆ ಮೆತ್ತಿದ ಎರಡೂ ಅಂಗೈಗಳನ್ನು ಚಾಚಿದಳು. ಸಿಸ್ಟರ್ ಅವುಗಳನ್ನು ನೋಡಲಿಲ್ಲ. ಜಗಲಿ ಹತ್ತಿ ಬಂದು, ಜ್ವರ ನೋಡಲು ಅಜ್ಜಿಯ ಹಣೆಯ ಮೇಲೆ ಕೈಯಿಟ್ಟರು. ಇಟ್ಟ ಕೈಯನ್ನು ಬೇಗ ತೆಗೆಯಲಿಲ್ಲ.