ಚಿರತೆ ಬಂದರೆ ಕೂಗುವ ಕೂಗು

ಪೆಟ್ಟಿಗೆಯನ್ನು ಅತ್ತಿಮರದ ಬೇರುಗಳ ನಡುವೆ ಇಟ್ಟು ಮೇಲೆ ಒಣ ಎಲೆ ಎಳೆಯುವಾಗ ಅವಳು ಡ್ರೈವರನ ಮುಖ ನೋಡಲಿಲ್ಲ. ಪೆಟ್ಟಿಗೆಯೊಳಗೆ ಒಂದು ಪುಟ್ಟ ಸ್ಪೀಕರ್ ಇತ್ತು. ಅದರಲ್ಲಿ ಅವನದೇ ದನಿ ಇತ್ತು. ಅದು ಅವನಿಗೆ ಗೊತ್ತಿರಲಿಲ್ಲ.

"ಏನ್ ಮೇಡಂ, ಕೋತಿಗಳಿಗೆ ಸಿನಿಮಾ ಹಾಡು ಹಾಕ್ತೀರಾ?"

"ಹೂಂ. ಕೇಳ್ತಾವೋ ಇಲ್ವೋ ನೋಡೋಣ."

"ಅವು ಇನ್ಮೇಲೆ ಯಾರ ಮಾತೂ ಕೇಳಲ್ಲ ಬಿಡಿ," ಎಂದು ಅವನು ಹಲ್ಲಿನ ನಡುವೆ ಕಚ್ಚಿದ್ದ ಹುಲ್ಲುಕಡ್ಡಿ ಉಗಿದು ಜೀಪಿನ ಕಡೆ ಹೋದ.

ಇವನಿಗೆ ಅದು ಹೇಗೆ ಗೊತ್ತು? ಆ ಮಾತು ಅವಳಿಗೆ ಮುಳ್ಳಿನಂತೆ ನಾಟಿತು.

ಕಪ್ಪು ಮುಖದ ಈ ಮುಸುವಗಳ ಕೂಗುಗಳನ್ನು ಓದುವುದೇ ಅವಳ ಕೆಲಸ. ಗಿಡುಗ ಕಂಡರೆ ಒಂದು ಕೂಗು. ಹಾವಿಗೆ ಇನ್ನೊಂದು. ಚಿರತೆಗೆ ಮಾತ್ರ ಕೆಮ್ಮಿನಂಥ ಒರಟು ಕೂಗು, ಅದು ಬಿತ್ತೆಂದರೆ ಇಡೀ ಹಿಂಡು ತಿರುಗಿ ನೋಡದೆ ತುದಿಕೊಂಬೆಗೆ ಹಾರುತ್ತಿತ್ತು. ಮೊದಮೊದಲು ಅವಳನ್ನು ಕಂಡರೂ ಅದೇ ಕೂಗು. ಅದನ್ನು ಬಿಡಿಸಲು ವರ್ಷಗಳೇ ಹಿಡಿದವು. ದಿನವೂ ಇದೇ ಅತ್ತಿಮರದಡಿ ಕೂತು, ಅದೇ ಮಾತನ್ನು ಮೆಲ್ಲಗೆ ಆಡುತ್ತಿದ್ದಳು: "ಬನ್ರೇ, ನಾನೇ ಕಣ್ರೇ, ಹೆದರ್ಬೇಡಿ." ಹಿಂಡಿನ ಹಿರಿಯಳು, ಅವಳು 'ಅಜ್ಜಿ' ಎಂದು ಕರೆಯುತ್ತಿದ್ದ ಹೆಣ್ಣು, ಕೊನೆಗೊಂದು ದಿನ ಕೆಳಗಿಳಿದು ಅವಳಿಗೆ ಬೆನ್ನು ಹಾಕಿ ಕೂತು ಕೆರೆದುಕೊಂಡಿತು. ಕಾಡಿನಲ್ಲಿ ಬೆನ್ನು ತೋರಿಸುವುದಕ್ಕಿಂತ ದೊಡ್ಡ ನಂಬಿಕೆ ಇಲ್ಲ. ಅವತ್ತು ಮನೆಗೆ ಹೋಗಿ ಗಂಡನ ಮುಂದೆ ಅತ್ತಿದ್ದಳು.

ಆಮೇಲೆ ಜ್ವರ ಬಂತು. ಅವಳು ಹಾಸಿಗೆ ಹಿಡಿದಿದ್ದ ದಿನಗಳಲ್ಲಿ ಇದೇ ಮರದಡಿ ಮೂರು ತಾಯಿ ಮುಸುವಗಳು ಗುಂಡೇಟಿಗೆ ಸತ್ತವು. ಮರಿಗಳು ಮಾಯವಾದವು. ಮರಿ ಸಾಕುವ ಶೋಕಿಯವರು ದೂರದೂರದಲ್ಲಿದ್ದಾರೆ, ತಾಯಿಯನ್ನು ಕೊಲ್ಲದೆ ಮರಿ ಕೈಗೆ ಬರುವುದಿಲ್ಲ. ಹೆಣಗಳನ್ನು ನೋಡಿದ ಕಾವಲುಗಾರ ಹೇಳಿದ್ದ: "ಎದೆಗೇ ಹೊಡ್ದಿದಾರಮ್ಮ, ಮಾರು ದೂರದಿಂದ. ಒಂದೂ ಓಡಿಲ್ಲ. ಗುರುತಿಲ್ಲದೋರನ್ನ ಅಷ್ಟು ಹತ್ರ ಬಿಡ್ತಾವಾ?"

ಅವಳನ್ನು ಬಿಟ್ಟರೆ ಹಿಂಡಿಗೆ ಗುರುತಿದ್ದವನು ಡ್ರೈವರ್ ಒಬ್ಬನೇ. ಆ ದಿನಗಳಲ್ಲಿ ಜೀಪೂ ಅವನ ಕೈಯಲ್ಲೇ ಇತ್ತು.

ಈಗ ಹಿಂಡಿನಲ್ಲಿ ಉಳಿದಿದ್ದುದು ಒಂದೇ ಮರಿ, ಬಾಲ ತುಂಡಾಗಿದ್ದ ಮೊಂಡುಬಾಲಿಯದು. ಹೆಜ್ಜೆಸಪ್ಪಳ ಕೇಳಿದರೆ ಸಾಕು, ಹಿಂಡು ದೂರದ ಮರ ಸೇರುತ್ತಿತ್ತು. ಎದ್ದು ಬಂದ ಮೇಲೆ ಅವಳು ಸೊಪ್ಪಿನ ಮರೆಯಲ್ಲಿ ಬಾಯಿ ಬಿಡದೆ ಕೂರುತ್ತಿದ್ದಳು.

ಯಾರ ದನಿಗೆ ಹಿಂಡು ಚಿರತೆ ಕಂಡ ಕೂಗು ಹಾಕುತ್ತದೋ ಅವನೇ ಕೊಂದವನು. ಇಷ್ಟೇ ಅವಳ ಲೆಕ್ಕ. ಮೊದಲು ಹಿಂಡಿಗೆ ಅಪರಿಚಿತನಾದ, ವಾರ್ತೆ ಓದುವ ಯಾರದೋ ದನಿ. ಆಮೇಲೆ ಡ್ರೈವರನದು. ಕೊನೆಗೆ, ಬೆದರಿದ ಹಿಂಡನ್ನು ಸಮಾಧಾನ ಮಾಡಲು, ತನ್ನದೇ.

ತನ್ನ ದನಿ ಗಂಡನ ಫೋನಿನಲ್ಲಿ ಇರಬೇಕಿತ್ತು. ಜ್ವರದಲ್ಲಿ ಅವಳು ಕನವರಿಸುತ್ತಿದ್ದಾಗ ಅವನು ಪಕ್ಕ ಕೂತು ರೇಗಿಸಿದ್ದ: "ನನ್ನ ಜೊತೆ ಒಂದಿನಾನಾದ್ರೂ ಇಷ್ಟು ನಯವಾಗಿ ಮಾತಾಡಿದೀಯಾ? ಎಲ್ಲಿ, ನಿನ್ನ ಮಂಗಗಳಿಗೆ ಹೇಳೋದನ್ನ ನಂಗೊಂದ್ಸಲ ಹೇಳು." ಅವಳು ಹೇಳಿದ್ದಳು, ಅವನು ಫೋನ್ ಹಿಡಿದಿದ್ದ. ನಿನ್ನೆ ಕೇಳಿದರೆ, "ಅಯ್ಯೋ, ಅಳಿಸಿ ಹೋಯ್ತು ಕಣೇ," ಅಂದ.

"ಅಷ್ಟೇನಾ ನಿಮ್ಮ ಪ್ರೀತಿ?"

ಅವನು ಬ್ಯಾಂಡೇಜು ಸುತ್ತಿದ ಹೆಬ್ಬೆರಳು ಎತ್ತಿ ತೋರಿಸಿದ. "ನಿಂಗೋಸ್ಕರ ಅಡುಗೆ ಮನೆಗೆ ಹೋಗಿ ಬೆರಳೇ ಕತ್ತರಿಸ್ಕೊಂಡೆ. ಪ್ರೀತಿಗೆ ಇನ್ನೇನು ಸಾಕ್ಷಿ ಬೇಕು?"

ಅವಳು ನಕ್ಕಿದ್ದಳು. ಪೆಟ್ಟಿಗೆಯನ್ನೂ ಅವನೇ ಹುಡುಕಿ ಕೊಟ್ಟಿದ್ದ. ಅವನು ದುಡಿಯುವ ಸರಕು ಸಾಗಣೆ ಕಚೇರಿಯದು, ಹಣ್ಣಿನದಂತೆ. ಪಕ್ಕಗಳಲ್ಲಿ ಯಾರೋ ಕೈಯಲ್ಲೇ ಕೊರೆದ ತೂತುಗಳಿದ್ದವು. ದನಿ ಹೊರಬರಲು ಹೇಳಿ ಮಾಡಿಸಿದಂತಿತ್ತು.

ಬೆಳಿಗ್ಗೆ ತನ್ನ ದನಿಯನ್ನು ಹೊಸದಾಗಿ ರೆಕಾರ್ಡ್ ಮಾಡಿಕೊಂಡೇ ಹೊರಟಿದ್ದಳು.

ಬಿಸಿಲೇರಿದ ಮೇಲೆ ಹಿಂಡು ಬಂತು. ಅಜ್ಜಿ ಮುಂದೆ, ಮೊಂಡುಬಾಲಿ ಹೊಟ್ಟೆಗೆ ಮರಿ ಅಂಟಿಸಿಕೊಂಡು ಹಿಂದೆ. ಅವಳು ಮರೆಯಲ್ಲಿ ಕೂತು ರಿಮೋಟಿನ ಗುಂಡಿ ಒತ್ತಿದಳು.

ವಾರ್ತೆಯವನ ದನಿಗೆ ತಲೆಗಳು ಎದ್ದವು. ಎರಡು ಹರೆಯದ ಗಂಡುಗಳು ಒಂದು ಕೊಂಬೆ ಮೇಲೆ ಹೋದವು. ಅಷ್ಟೆ.

ಡ್ರೈವರನ ದನಿ ಬಂತು. ಅಜ್ಜಿ ಒಮ್ಮೆ ಪೆಟ್ಟಿಗೆಯ ಕಡೆ ನೋಡಿತು. ಮತ್ತೆ ಅತ್ತಿಹಣ್ಣಿಗೆ ಕೈ ಹಾಕಿತು.

ಇನ್ನೊಮ್ಮೆ ಹಾಕಿದಳು. ಅಜ್ಜಿ ತೊಡೆ ಕೆರೆದುಕೊಂಡಿತು.

ಅವಳಿಗೆ ನಾಚಿಕೆಯಾಯಿತು. ಜ್ವರದ ಮೊದಲ ದಿನ ತನ್ನನ್ನು ಆಸ್ಪತ್ರೆಗೆ ಮುಟ್ಟಿಸಿದವನೇ ಇವನು. ಇರಲಿ, ಪಾಪದ ಹಿಂಡು ಇಷ್ಟು ದಿನ ತನ್ನ ದನಿಯನ್ನೇ ಕೇಳಿಲ್ಲ. ಕೊನೆಯ ಗುಂಡಿ ಒತ್ತಿದಳು.

"ಬನ್ರೇ, ನಾನೇ ಕಣ್ರೇ..."

ಅಜ್ಜಿಯ ದವಡೆ ನಿಂತಿತು. ಹಣ್ಣು ಕೈಯಿಂದ ಜಾರಿತು. ಮರುಕ್ಷಣ ಆ ಕೆಮ್ಮಿನಂಥ ಕೂಗು ಮರದಿಂದ ಮರಕ್ಕೆ ಹಬ್ಬಿತು. ಮೊಂಡುಬಾಲಿ ಮರಿಯನ್ನು ಅಪ್ಪಿ ತುದಿಕೊಂಬೆಯಿಂದ ಆಚೆ ಹಾರಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಅತ್ತಿಮರ ಬರಿದು.

ಚಿರತೆ! ಅವಳು ಬೆಚ್ಚಿ ಹಿಂದೆ ತಿರುಗಿದಳು. ಒಂದು ಹುಲ್ಲೂ ಅಲುಗಲಿಲ್ಲ. ಖಾಲಿ ಮರದ ಕೆಳಗೆ ಪೆಟ್ಟಿಗೆಯ ತೂತುಗಳಿಂದ ಅವಳ ದನಿಯೊಂದೇ ಬರುತ್ತಿತ್ತು: "...ಹೆದರ್ಬೇಡಿ."

ಡ್ರೈವರ್ ಓಡಿ ಬಂದ. "ಚಿರತೆನಾ ಮೇಡಂ? ಎಲ್ಲಿ?"

ಅವಳು ಪೆಟ್ಟಿಗೆಯ ತೂತುಗಳನ್ನೇ ನೋಡುತ್ತಿದ್ದಳು. ತಾನು ಹಾಸಿಗೆಯಲ್ಲಿದ್ದಾಗ ತನ್ನ ದನಿ ಈ ಮರದಡಿಗೆ ಬಂದು ಹೋಗಿದೆ. ಕಾಡಿನ ಹೊರಗೆ ಅವಳು ಈ ಮಾತನ್ನು, ಇವತ್ತಿಗೆ ಮುಂಚೆ, ಒಂದೇ ಒಂದು ಸಲ ಆಡಿದ್ದಳು.

ಕಿಸೆಯಲ್ಲಿ ಫೋನ್ ನಡುಗಿತು. ದಿನವೂ ಇದೇ ಹೊತ್ತಿಗೆ, ಅದೇ ಅಕ್ಕರೆಯಿಂದ, ಗಂಡ ಕೇಳುವ ಅದೇ ಪ್ರಶ್ನೆ.

"ಇವತ್ತು ಯಾವ ಮರದಲ್ಲಿದಾರೆ ನಿಮ್ಮೋರು?"