ಮೊದಲು ಕೈ ಎತ್ತಿದವನು

ಗಂಡನಿಗೆ ವಿಷವಿಟ್ಟ ಹೆಂಗಸಿನ ಮೊಕದ್ದಮೆಯಲ್ಲಿ ಜ್ಯೂರಿಯಾಗಿ ಕೂತು ಬಂದವನು ಊಟಕ್ಕೆ ಕುಳಿತ. ಬಾಸುಂಡೆ ಎದ್ದ ಕೈಯಲ್ಲೇ ಹೆಂಡತಿ ಎಲೆ ಹಾಕಿ ಅನ್ನ ಬಡಿಸಿದಳು.

“ಏನಂದ್ರಿ ಎಲ್ಲಾರೂ?”

“ಬಿಟ್ಬಿಟ್ವಿ ಕಣೇ. ದಿನಾ ಹೊಡೀತಿದ್ನಂತೆ, ಪಾಪ. ಹೊರಗೆ ಜನ ಅವಳಿಗೆ ಅಂತ ಹಾರ ಹಿಡ್ಕೊಂಡು ನಿಂತಿದ್ರು.”

“ಸಾರಿಗೆ ಉಮ್ಮತ್ತಿ ಬೀಜ ಅರೆದು ಹಾಕಿದ್ದು ನಿಜಾನಾ?”

“ನಿಜಾನೇ. ಆದ್ರೂ ತಪ್ಪಿಲ್ಲ ಅಂದ್ವಿ. ಮೊದಲು ಕೈ ಎತ್ತಿದ್ದೇ ನಾನು.”

“ಕೈ ಎತ್ತೋದ್ರಲ್ಲಿ ನೀವು ಯಾವತ್ತೂ ಮುಂದೆ ಬಿಡಿ.”

ಅವನು ನಕ್ಕ. ಅವಳು ಒಳಗೆ ಹೋಗಿ ಸಾರು ತಂದು ಬಡಿಸಿದಳು.

“ಘಮ್ ಅಂತಿದೆ ಕಣೇ, ಇನ್ನೊಂದು ಸೌಟು ಹಾಕು.”

ಹಾಕಿದಳು.

ಉಂಡು ಎದ್ದು ಅವನು ಕೈ ತೊಳೆಯಲು ಹೋದ. ಮದುವೆಯಾದಂದಿನಿಂದ ಗಂಡ ಉಂಡ ಎಲೆಯಲ್ಲೇ ಉಣ್ಣುತ್ತಿದ್ದವಳು ಆ ದಿನ ತನಗೆ ಬೇರೆ ಎಲೆ ಹಾಕಿಕೊಂಡಳು.