ಬಾಣಂತಿ ಕೋಣೆಯ ಕೆಂಡ

ಸಾಂಬ್ರಾಣಿ ವಾಸನೆ ಬಂದರೆ ಈಗಲೂ ನಾನು ಮೊದಲು ಎದ್ದು ಕಿಟಕಿ ತೆಗೆಯುತ್ತೇನೆ.

ಆಗ ನಜರ್‌ಬಾದಿನ ಮನೆಯಲ್ಲಿ ಚಿಕ್ಕಮ್ಮ ಹಸಿ ಬಾಣಂತಿ. ಗಾಳಿ ಸೋಕದಂತೆ ಅಜ್ಜಿ ಕಿಟಕಿಯ ಸಂದಿಗೆಲ್ಲ ಹಳೇ ಸೀರೆ ತುರುಕಿ, ಮಂಚದಡಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಬೆಳಿಗ್ಗೆ ಸಾಂಬ್ರಾಣಿ ಹಾಕಿದ್ದರು. ಮಧ್ಯಾಹ್ನ ಮೆಣಸಿನ ಸಾರು ಕೊಡಲು ನಾನು ಬಾಗಿಲು ತೆರೆದೆ. ಸಾಂಬ್ರಾಣಿ ವಾಸನೆ ಉಳಿದಿತ್ತು, ಹೊಗೆಯೇನೂ ಇರಲಿಲ್ಲ. ಚಿಕ್ಕಮ್ಮನ ಕೆನ್ನೆ ದಾಸವಾಳದಂತೆ ಕೆಂಪಗಿತ್ತು, ಕಣ್ಣು ಅರ್ಧ ತೆರೆದಿತ್ತು. ಕರೆದರೆ ಓಗೊಡಲಿಲ್ಲ. ಮಗುವೂ ಮಿಸುಕಲಿಲ್ಲ.

“ಅಜ್ಜಿ, ಚಿಕ್ಕಮ್ಮ ಮಾತಾಡ್ತಿಲ್ಲ!”

ಅಜ್ಜಿ ಬಂದು ಇಣುಕಿದರು. “ಮಲಗ್ಲಿ ಬುಡೋ. ಮುಖಕ್ಕೆ ಕಳೆ ಎಂಗೆ ಬಂದದೆ ನೋಡು! ಬಾಗ್ಲು ಹಾಕ್ಕೊಂಡು ಬಾ.”

ಅವರು ಅಡುಗೆಮನೆಗೆ ಹೋದರು. ನಾನು ಹೆದರಿ ಹೊಸ್ತಿಲ ಮೇಲೇ ಕೂತುಬಿಟ್ಟೆ. ತೆರೆದ ಬಾಗಿಲಿನಿಂದ ತಣ್ಣನೆ ಗಾಳಿ ಒಳಗೆ ನುಗ್ಗಿತು. ಬಹಳ ಹೊತ್ತಾದ ಮೇಲೆ ಮಗು ಸೀನಿತು, ಅತ್ತಿತು. ಚಿಕ್ಕಮ್ಮ ನರಳಿದರು. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಕಣ್ಣಿಗೆ ಕಾಣದ ವಿಷಗಾಳಿ ಬಿಡುತ್ತದೆಂದು ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ.

ಅಜ್ಜಿ ಓಡಿ ಬಂದರು. “ನೋಡ್ದ್ಯಾ, ಶೀತ ಆಗೇಹೋಯ್ತು!”

ಇನ್ನಷ್ಟು ಇದ್ದಿಲು ಹಾಕಿ ಬಾಗಿಲೆಳೆದರು.